ಗೋಡೆಗೆ ತೂಗುಹಾಕಿದ ಲೆಕ್ಕಪುಸ್ತಕ

ಹಳೇ ಊರುಗಳ ಚಿತ್ರಕ್ಕೆ ಫ್ರೇಮ್ ಹಾಕಿ ಗೋಡೆಗೆ ತೂಗುಹಾಕುವ ಚಟ ನಮ್ಮ ಪೀಳಿಗೆಗೆ ಹತ್ತಿದೆ. ಬೆಂಗಳೂರಿನ ಕೆಫೆ, ಮಂಗಳೂರಿನ ಹೊಸ ಅಪಾರ್ಟ್‌ಮೆಂಟಿನ ಲಾಬಿ, ಸ್ಟಾರ್ಟಪ್ಪಿನ ಮೀಟಿಂಗ್ ರೂಮು, ಚಿಕ್ಕಮಗಳೂರಿನ ಹೋಮ್‌ಸ್ಟೇ, ಎಲ್ಲಿ ಹೋದರೂ ಅದೇ ಮಾಸಿದ ಕಂದು ಕಾಗದ, ಅದೇ ಬಳುಕುವ ಅಕ್ಷರ. ಒಂದು ಕೋಟೆ, ನಾಲ್ಕು ಹಡಗು, ಹತ್ತು ತೆಂಗಿನ ಮರ, ಮೂಲೆಯಲ್ಲೊಂದು ಆನೆ. ಏನಿದು ಅಂತ ಕೇಳಿದರೆ 'ವಿಂಟೇಜ್' ಅಂತಾರೆ. ಯಾರು ಬರೆದದ್ದು ಅಂತ ಕೇಳಿದರೆ ನಗುತ್ತಾರೆ. ಯಾಕೆ ಬರೆದದ್ದು ಅಂತ ಕೇಳಿದಿರೋ, ನಿಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿ ಕಾಫಿಗೆ ಸಕ್ಕರೆ ಎಷ್ಟು ಅಂತ ವಿಚಾರಿಸ್ತಾರೆ.

ನನಗೆ ಆ ಮೂರನೇ ಪ್ರಶ್ನೆಯನ್ನು ಬಿಟ್ಟು ಮುಂದೆ ಹೋಗಲಿಕ್ಕೆ ಆಗುವುದಿಲ್ಲ. ಯಾಕೆ ಅನ್ನುವುದನ್ನು ಆಮೇಲೆ ಹೇಳ್ತೇನೆ. ಅದಕ್ಕೂ ನಾನು ಕಾಟಿಪಳ್ಳದವನು ಅನ್ನುವುದಕ್ಕೂ ಸಂಬಂಧ ಉಂಟು. ಮೊದಲು ಜಗಳದ ವಿಷಯ ಹೇಳಿಬಿಡ್ತೇನೆ. ಈ ಚಿತ್ರಗಳಲ್ಲಿ ಹೆಚ್ಚಿನವು ಊರಿನ ಮೇಲಿನ ಪ್ರೀತಿಗೆ ಬರೆದವಲ್ಲ. ಊರನ್ನು ಹಿಡಿಯಲಿಕ್ಕೆ, ಹಿಡಿದದ್ದನ್ನು ಕೈಬಿಟ್ಟು ಹೋಗದ ಹಾಗೆ ಕಾಯಲಿಕ್ಕೆ ಬರೆಸಿದ ಸರ್ಕಾರಿ ಕಡತಗಳು. ಕಡತವನ್ನು ಗೋಡೆಗೆ ಹಾಕಬೇಡಿ ಅಂತ ನಾನು ಹೇಳುವುದಿಲ್ಲ. ಹಾಕಿ. ಆದರೆ ಕೆಳಗೆ ಕಡತ ಅಂತ ಬರೆದು ಹಾಕಿ.

ಮಂಗಳೂರಿನದ್ದೇ ತೆಗೆದುಕೊಳ್ಳುವ. ನಮ್ಮ ಊರಿನ ತುಂಬ ಹಳೇ ಚಿತ್ರ ಅಂತ ಜನ ನೆಟ್ಟಿನಿಂದ ಇಳಿಸಿಕೊಳ್ಳುವುದರಲ್ಲಿ 1635ರದ್ದೊಂದು ಉಂಟು. ಆ ವರ್ಷ ಗೋವಾದಲ್ಲಿ ಪೋರ್ಚುಗೀಸರು ಒಂದು ದೊಡ್ಡ ಕೈಬರಹದ ಪುಸ್ತಕ ತಯಾರು ಮಾಡಿದರು. ಹೆಸರು ಒಂದು ಮಾರು ಉದ್ದ ಉಂಟು, ಚಿಕ್ಕದಾಗಿ 'ಲಿವ್ರೊ ದಾಸ್ ಪ್ಲಾಂತಾಸ್', ಅಂದರೆ ನಕ್ಷೆಗಳ ಪುಸ್ತಕ ಅಂತಾರೆ. ಆಫ್ರಿಕಾದ ಸೊಫಾಲದಿಂದ ಹಿಡಿದು ಚೀನಾದ ಮಕಾವ್ ತನಕ ಪೋರ್ಚುಗೀಸರ ಕೈಯಲ್ಲಿದ್ದ ಕೋಟೆ, ಪಟ್ಟಣ, ವಸತಿ ಎಲ್ಲದರ ಬಣ್ಣದ ಚಿತ್ರ ಮತ್ತು ವಿವರಣೆ ಅದರಲ್ಲಿ. ನಮ್ಮ ಕರಾವಳಿಯಿಂದ ಹೊನ್ನಾವರ, ಬಸ್ರೂರು, ಗಂಗೊಳ್ಳಿ, ಮಂಗಳೂರು. ಇದರ ಹೆಸರುವಾಸಿ ಪ್ರತಿ ಈಗ ಪೋರ್ಚುಗಲ್ಲಿನ ಎವೊರ ಪಟ್ಟಣದ ಸಾರ್ವಜನಿಕ ಗ್ರಂಥಾಲಯದಲ್ಲಿದೆ.

ಚಂದ ಉಂಟು, ಸುಳ್ಳು ಹೇಳಬಾರದು. ಹಕ್ಕಿ ಮೇಲಿನಿಂದ ನೋಡಿದ ಹಾಗೆ ಊರು ಹರಡಿಕೊಂಡಿರುತ್ತದೆ. ಕೋಟೆಯ ಗೋಡೆ, ಬುರುಜು ಎದ್ದು ಕಾಣುತ್ತವೆ, ಮರಗಳು ಗೊಂಚಲು ಗೊಂಚಲು. ಅಳತೆಗೆ ಹಿಡಿದರೆ ಯಾವುದೂ ಯಾವುದಕ್ಕೂ ತಾಳೆ ಆಗುವುದಿಲ್ಲ, ಮಕ್ಕಳು ಬಿಡಿಸಿದ ಹಾಗೆ. ಬಹುಶಃ ಅದಕ್ಕೇ ನಮಗೆ ಇಷ್ಟ ಆಗುವುದು. ಮುಗ್ಧ ಕೈ ಅಂತ ಅನ್ನಿಸುತ್ತದೆ.

ಆ ಕೈ ಯಾರದ್ದು? ಚಿತ್ರಗಳು ತನ್ನವು ಅಂತ ಹೇಳಿಕೊಂಡವನು ಪೆದ್ರು ಬರೆತು ದೆ ರೆಸೆಂದೆ. ಇವನು ಊರೂರು ಅಲೆಯುವ ಚಿತ್ರಕಾರ ಅಲ್ಲ ಮಾರಾಯ್ರೆ. 1629ರಿಂದ 1635ರ ತನಕ ಗೋವಾದಲ್ಲಿ ವೈಸ್‌ರಾಯ್ ಆಗಿದ್ದ ಲಿನ್ಯಾರಿಶಿನ ಕೌಂಟನ ಕಾರ್ಯದರ್ಶಿ. ಅಂದರೆ ನಮ್ಮ ಕಾಲದ ಲೆಕ್ಕದಲ್ಲಿ ಡೀಸಿ ಆಫೀಸಿನ ದೊಡ್ಡ ಅಧಿಕಾರಿ ಇದ್ದ ಹಾಗೆ. ಪುಸ್ತಕದ ವಿವರಣೆ ಬರೆದವನು ಅಂತೋನಿಯೊ ಬೊಕಾರೊ, ಗೋವಾದ ದಫ್ತರಖಾನೆಯ ಉಸ್ತುವಾರಿ ಮತ್ತು ಸರ್ಕಾರದ ಚರಿತ್ರೆಕಾರ. ಇವನ ಕತೆ ಬೇರೆಯೇ ಉಂಟು. ಯಹೂದಿ ಮೂಲದವನು, ಕೊಚ್ಚಿಯಲ್ಲಿದ್ದಾಗ ಗುಟ್ಟಾಗಿ ಆ ಧರ್ಮವನ್ನೇ ನಡೆಸಿಕೊಂಡು ಬಂದವನು, 1624ರಲ್ಲಿ ಗೋವಾದ ಇನ್‌ಕ್ವಿಸಿಶನ್ ಎದುರು ತಾನೇ ಹೋಗಿ ತಪ್ಪೊಪ್ಪಿಕೊಂಡವನು. ಅಂಥವನು ಸರ್ಕಾರಕ್ಕೆ ಪುಸ್ತಕ ಬರೆಯುವಾಗ ಎಷ್ಟು ಜಾಗ್ರತೆಯಿಂದ ಬರೆದಿರಬೇಕು, ನೀವೇ ಊಹಿಸಿ. ಬರೆಸಿದವನು ರಾಜ. ಆಗ ಸ್ಪೇನಿಗೂ ಪೋರ್ಚುಗಲ್ಲಿಗೂ ಒಬ್ಬನೇ ರಾಜ, ಸ್ಪೇನಿನ ನಾಲ್ಕನೇ ಫಿಲಿಪ್. ಡಚ್ಚರು ಬಂದು ಒಂದೊಂದೇ ಕೋಟೆಗೆ ಕೈ ಹಾಕುತ್ತಿದ್ದ ಕಾಲ. ತನ್ನ ಹತ್ತಿರ ಏನೇನು ಉಂಟು, ಅದು ಎಷ್ಟು ಗಟ್ಟಿ ಉಂಟು ಅಂತ ರಾಜನಿಗೆ ತಿಳಿಯಬೇಕಿತ್ತು.

ಆದ್ದರಿಂದ ಚಿತ್ರದ ಪಕ್ಕದಲ್ಲಿ ಬೊಕಾರೊ ಬರೆಯುತ್ತಿದ್ದದ್ದು ಇಂಥವು: ಗೋಡೆ ಎಷ್ಟು ಎತ್ತರ, ಎಷ್ಟು ದಪ್ಪ. ಬುರುಜು ಎಷ್ಟು, ತೋಪು ಎಷ್ಟು, ಮದ್ದು ಗುಂಡು ಎಷ್ಟು. ಮದುವೆಯಾಗಿ ನೆಲೆಸಿದ ಪೋರ್ಚುಗೀಸರ ಮನೆಗಳೆಷ್ಟು, ಆಯುಧ ಹಿಡಿಯಬಲ್ಲ ಆಳುಗಳೆಷ್ಟು, ಕೋಟೆಯ ಕಪ್ತಾನನ ಸಂಬಳ ಎಷ್ಟು, ಸುಂಕ ಎಷ್ಟು ಬರುತ್ತದೆ, ನೆರೆಯ ಅರಸ ಯಾರು, ಅವನ ಬಲ ಎಂಥದು. ಕಂಪನಿಯಲ್ಲಿ ವರ್ಷದ ಕೊನೆಗೆ ಆಡಿಟ್ ಆಗುತ್ತದಲ್ಲ, ಲ್ಯಾಪ್‌ಟಾಪ್ ಇಷ್ಟು, ಕುರ್ಚಿ ಇಷ್ಟು, ಏಸಿ ಇಷ್ಟು ಅಂತ ಸ್ಟಿಕ್ಕರ್ ಅಂಟಿಸಿಕೊಂಡು ಹೋಗುತ್ತಾರಲ್ಲ, ಅದೇ. ರೆಸೆಂದೆಯ ಚಿತ್ರ ಅಂದರೆ ಆ ಸ್ಟಿಕ್ಕರ್. ನಾವು ಆ ಲೆಕ್ಕವನ್ನೆಲ್ಲ ಕತ್ತರಿಸಿ ಬಿಸಾಡಿ, ಚಿತ್ರ ಮಾತ್ರ ಉಳಿಸಿಕೊಂಡು, ಗಾಜು ಹಾಕಿಸಿ, ಮೇಲೊಂದು ಹಳದಿ ಲೈಟು ಬಿಟ್ಟಿದ್ದೇವೆ.

ಈಗ ಒಂದು ಹೋಲಿಕೆ ನೋಡಿ. ಈ ಪುಸ್ತಕಕ್ಕಿಂತ ಹನ್ನೆರಡು ವರ್ಷ ಮೊದಲು, 1623ರಲ್ಲಿ, ಪಿಯೆತ್ರೊ ದೆಲ್ಲಾ ವಾಲೆ ಅನ್ನುವ ರೋಮ್ ಪಟ್ಟಣದ ಪ್ರವಾಸಿಯೊಬ್ಬ ಇದೇ ಮಂಗಳೂರಿಗೆ ಬಂದಿದ್ದ. ಅವನು ಯಾವ ರಾಜನ ನೌಕರನೂ ಅಲ್ಲ. ಹೋದಲ್ಲಿಂದ ಗೆಳೆಯನಿಗೆ ಕಾಗದ ಬರೆಯುತ್ತಿದ್ದ, ಅಷ್ಟೆ. ಮಂಗಳೂರಿನ ಕೋಟೆ ಚಿಕ್ಕದು, ತಾನು ಇಂಡಿಯಾದಲ್ಲಿ ನೋಡಿದ್ದರಲ್ಲೆಲ್ಲ ಕೆಟ್ಟದಾಗಿ ಕಟ್ಟಿದ್ದು, ಇದನ್ನು ಕೋಟೆ ಅನ್ನುವುದಕ್ಕಿಂತ ಒಬ್ಬ ಶ್ರೀಮಂತನ ಮನೆ ಅನ್ನಬಹುದು ಅಂತ ಅಲ್ಲಿನ ಕಪ್ತಾನನೇ ಹೇಳಿದ ಎಂದು ಬರೆದಿದ್ದಾನೆ. ಕೋಟೆಯ ಕಪ್ತಾನನೇ ಮಾರಾಯ್ರೆ! ಅದೇ ಕೋಟೆ ಹನ್ನೆರಡು ವರ್ಷದ ನಂತರ ರಾಜನ ಪುಸ್ತಕದಲ್ಲಿ ಊರಿನ ಎದುರು ಎದೆಯುಬ್ಬಿಸಿ ನಿಂತಿದೆ. ಮೇಲಿನವರಿಗೆ ಹೋಗುವ ಪಿಪಿಟಿಯಲ್ಲಿ ಪ್ರಾಜೆಕ್ಟು ಹೇಗೆ ಕಾಣುತ್ತದೆ, ಕೆಳಗೆ ಕೆಲಸ ಮಾಡುವವರಿಗೆ ಹೇಗೆ ಕಾಣುತ್ತದೆ ಅಂತ ಗೊತ್ತಿರುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ದೆಲ್ಲಾ ವಾಲೆ ಅಲ್ಲಿಗೇ ನಿಲ್ಲಲಿಲ್ಲ. ಉಳ್ಳಾಲದ ರಾಣಿ ಅಬ್ಬಕ್ಕನನ್ನು ನೋಡಬೇಕು ಅಂತ ಹೊಳೆಯ ದಾರಿ ಹಿಡಿದು ಮಣೇಲಿಗೆ ಹೋದ. ಈ ಮಣೇಲನ್ನು ಗಂಜಿಮಠದ ಕಡೆಯ ಮಳಲಿ ಮಣೇಲು ಅಂತ ಗುರುತಿಸುತ್ತಾರೆ. ನಮ್ಮ ಕಾಟಿಪಳ್ಳದಿಂದ ಬೈಕಲ್ಲಿ ಹೋಗಿ ಮಧ್ಯಾಹ್ನದ ಊಟಕ್ಕೆ ವಾಪಸು ಬರಬಹುದು. ಅರಮನೆಯ ದರ್ಬಾರಿನಲ್ಲಿ ಸಿಗುತ್ತಾಳೆ ಅಂದುಕೊಂಡಿದ್ದವನಿಗೆ ರಾಣಿ ಸಿಕ್ಕಿದ್ದು ದಾರಿಯಲ್ಲಿ. ಗದ್ದೆಗೆ ನೀರು ಹಾಯಿಸಲಿಕ್ಕೆ ತೋಡು ತೋಡಿಸುತ್ತಿದ್ದ ಕಡೆಗೆ ನಡೆದುಕೊಂಡೇ ಹೊರಟಿದ್ದಳು. ಬರಿಗಾಲು, ಸಾದಾ ಹತ್ತಿ ಬಟ್ಟೆ, ಮೇಲೆ ಯಾರೋ ಹಿಡಿದ ಓಲೆಯ ಕೊಡೆ. ನಿಂತುಕೊಂಡೇ ಅವನ ಹತ್ತಿರ ಮಾತಾಡಿದಳು, ಎಲ್ಲಿಂದ ಬಂದದ್ದು, ಏನೆಲ್ಲ ನೋಡಿದ್ದು ಅಂತ ಕೇಳಿದಳು. ನಾನೂರು ವರ್ಷದ ಹಿಂದಿನ ಕಾಗದ. ಓದುವಾಗ ಆ ಹೆಂಗಸಿನ ಕಾಲಿಗೆ ಹತ್ತಿದ ಕೆಸರು ಕಾಣುತ್ತದೆ ನನಗೆ. ಕೆಸರು ಅವನು ಬರೆದದ್ದಲ್ಲ, ನಾನು ಸೇರಿಸಿಕೊಂಡದ್ದು. ಕರಾವಳಿಯಲ್ಲಿ ಬರಿಗಾಲಲ್ಲಿ ಗದ್ದೆ ಕಡೆ ಹೋಗುವವರಿಗೆ ಕೆಸರು ಹತ್ತದೆ ಇರುತ್ತದಾ?

ಕೋಟೆಯ ಚಿತ್ರಕ್ಕೆ ಇಂಥ ಹೆಂಗಸು ಬೇಕಾಗಿಲ್ಲ. ತೋಡೂ ಬೇಕಾಗಿಲ್ಲ. ಆ ತೋಡಿನ ನೀರಲ್ಲಿ ಬೆಳೆಯುವ ಅಕ್ಕಿ ಮಾತ್ರ ಬೇಕು, ಯಾಕೆಂದರೆ ಗೋವಾದ ಹೊಟ್ಟೆ ತುಂಬುತ್ತಿದ್ದದ್ದು ನಮ್ಮ ಕರಾವಳಿಯ ಅಕ್ಕಿಯಿಂದ. ಅದು ಮೂಟೆಯ ಲೆಕ್ಕದಲ್ಲಿ ಬರುತ್ತದೆ. ಮತ್ತೆ ಆ ಕೋಟೆಯೂ ಬಹಳ ದಿನ ಉಳಿಯಲಿಲ್ಲ ಬಿಡಿ. ಇಪ್ಪತ್ತು ವರ್ಷದೊಳಗೆ ಕೆಳದಿಯ ಶಿವಪ್ಪನಾಯಕ ಕರಾವಳಿಯ ಪೋರ್ಚುಗೀಸ್ ಕೋಟೆಗಳನ್ನು ಒಂದೊಂದಾಗಿ ಕಿತ್ತುಕೊಂಡ. ಲೆಕ್ಕ ಸರಿಯಾಗಿ ಇಟ್ಟ ಮಾತ್ರಕ್ಕೆ ಆಸ್ತಿ ಉಳಿಯುವುದಿಲ್ಲ.

ಇದು ಪೋರ್ಚುಗೀಸರ ಒಂದು ಪುಸ್ತಕದ ಕತೆ ಮಾತ್ರ ಅಂದುಕೊಳ್ಳಬೇಡಿ. ಕಲ್ಲಿಕೋಟೆಯ ಒಂದು ಚಿತ್ರ ನೀವು ನೋಡಿಯೇ ಇರುತ್ತೀರಿ. ಕಡಲ ದಂಡೆ, ಹಡಗು ಕಟ್ಟುವವರು, ಆನೆ, ಹಿಂದೆ ಗುಡ್ಡ. ಮಲಬಾರ್ ಊಟದ ಹೋಟೆಲುಗಳ ಗೋಡೆಗೆ ಇದಿಲ್ಲದೆ ಲೈಸೆನ್ಸ್ ಸಿಗುವುದಿಲ್ಲ ಅನ್ನುವಷ್ಟು ಆಗಿಹೋಗಿದೆ. 1572ರಲ್ಲಿ ಜರ್ಮನಿಯ ಕೊಲೋನಿನಲ್ಲಿ ಅಚ್ಚಾದದ್ದು. ಗಿಯೋರ್ಗ್ ಬ್ರೌನ್ ಅನ್ನುವ ಪಾದ್ರಿ ಸಂಪಾದಿಸಿ, ಫ್ರಾನ್ಸ್ ಹೊಗೆನ್‌ಬರ್ಗ್ ತಾಮ್ರದ ತಗಡಿನಲ್ಲಿ ಕೊರೆದ 'ಜಗತ್ತಿನ ಪಟ್ಟಣಗಳು' ಪುಸ್ತಕದ ಹಾಳೆ. ಬ್ರೌನ್ ಇಂಡಿಯಾಕ್ಕೆ ಕಾಲಿಟ್ಟವನಲ್ಲ, ಯಾರೋ ತಂದ ಚಿತ್ರ ನೋಡಿ ಕೊರೆಸಿದ್ದು. ಆ ಪುಸ್ತಕದ ಮುನ್ನುಡಿಯಲ್ಲಿ ಒಂದು ತಮಾಷೆ ಉಂಟು. ಪಟ್ಟಣದ ಚಿತ್ರಗಳ ಮುಂದೆ ಆಯಾ ಊರಿನ ಗಂಡಸರು, ಹೆಂಗಸರು ನಿಂತಿರುತ್ತಾರಲ್ಲ, ಅವರನ್ನು ಯಾಕೆ ನಿಲ್ಲಿಸಿದ್ದು ಅಂದರೆ, ಮನುಷ್ಯರ ಆಕೃತಿ ಇರುವ ಚಿತ್ರವನ್ನು ತುರ್ಕರು ಧರ್ಮದ ಕಾರಣಕ್ಕೆ ಮುಟ್ಟುವುದಿಲ್ಲ, ಹಾಗಾಗಿ ಈ ಚಿತ್ರಗಳು ಶತ್ರುವಿನ ಯುದ್ಧದ ಉಪಯೋಗಕ್ಕೆ ಬೀಳುವುದಿಲ್ಲ ಅಂತ ಬ್ರೌನ್ ಹೇಳುತ್ತಾನೆ. ನಂಬಿಕೆ ಎಷ್ಟು ಹಾಸ್ಯಾಸ್ಪದವೋ ಇರಲಿ. ಊರಿನ ಚಿತ್ರ ಅಂದರೆ ಶತ್ರುವಿನ ಕೈಗೆ ಸಿಕ್ಕಬಾರದ ಸರಕು ಅನ್ನುವುದು ಬರೆಸಿದವರಿಗೇ ಗೊತ್ತಿತ್ತು. ಗೊತ್ತಿಲ್ಲದ್ದು ಬಿರಿಯಾನಿ ತಿನ್ನುತ್ತಾ ಅದರ ಕೆಳಗೆ ಸೆಲ್ಫಿ ತೆಗೆಯುವ ನಮಗೆ ಮಾತ್ರ.

ಬೆಂಗಳೂರಿನವರು ನಗಬೇಡಿ, ನಿಮ್ಮದು ಇನ್ನೂ ಸ್ವಾರಸ್ಯ. ಕೋಟೆಯ ಉತ್ತರದ ಬಾಗಿಲು, ಮೇಲೆ ಟಿಪ್ಪುವಿನ ಬಾವುಟ ಹಾರುತ್ತಿರುವ ಬಣ್ಣದ ಚಿತ್ರ ಒಂದು ಉಂಟಲ್ಲ, ಪಬ್ಬುಗಳ ಗೋಡೆಯಲ್ಲೂ ಸಿಗುತ್ತದೆ, ಕಾಫಿ ಮಗ್ಗಿನ ಮೇಲೂ ಸಿಗುತ್ತದೆ. ಬರೆದವನು ಜೇಮ್ಸ್ ಹಂಟರ್. ಇವನು ಯಾರು? ಬ್ರಿಟಿಷ್ ಸೇನೆಯ ತೋಪುಖಾನೆಯ ಲೆಫ್ಟಿನೆಂಟ್. ಟಿಪ್ಪುವಿನ ಮೇಲಿನ ಮೂರನೇ ಯುದ್ಧದಲ್ಲಿ ಕಾರ್ನ್‌ವಾಲಿಸನ ದಂಡಿನ ಜೊತೆ ಬಂದವನು, 1792ರಲ್ಲೇ ಸತ್ತವನು. ಅವನ ಚಿತ್ರಗಳನ್ನು ಎಡ್ವರ್ಡ್ ಓರ್ಮ್ ಅನ್ನುವ ಪ್ರಕಾಶಕ ಲಂಡನ್ನಿನಲ್ಲಿ ಅಚ್ಚು ಹಾಕಿ ಪುಸ್ತಕ ಮಾಡಿದ್ದು 1805ರ ಹೊತ್ತಿಗೆ. ಬೆಂಗಳೂರಿನ ಕೋಟೆ 1791ರ ಮಾರ್ಚ್ 21ರ ರಾತ್ರಿ ಬಿತ್ತು. ಗೋಡೆ ಒಡೆದದ್ದು ತೋಪು. ತೋಪಿನವನ ಕಣ್ಣಿಗೆ ಕೋಟೆಯ ಗೋಡೆ, ಬಾಗಿಲು, ಬುರುಜು ಹೇಗೆ ಕಾಣುತ್ತದೆ ಅಂತ ಯೋಚಿಸಿ. ಆ ಕಾಲದಲ್ಲಿ ಲಂಡನ್ ಹತ್ತಿರದ ವುಲಿಚ್‌ನಲ್ಲಿ ತೋಪುಖಾನೆಯ ಅಧಿಕಾರಿಗಳನ್ನು ತಯಾರು ಮಾಡುವ ಅಕಾಡೆಮಿಯಲ್ಲಿ ಚಿತ್ರ ಬಿಡಿಸುವುದನ್ನು ಪಾಠವಾಗಿಯೇ ಕಲಿಸುತ್ತಿದ್ದರು. ಪಾಲ್ ಸ್ಯಾಂಡ್ಬಿಯಂಥ ದೊಡ್ಡ ಚಿತ್ರಕಾರ ಅಲ್ಲಿ ಮೇಷ್ಟ್ರು. ಸಿಪಾಯಿಗೆ ಕಲೆಯ ರುಚಿ ಹತ್ತಿಸಲಿಕ್ಕೆ ಅಲ್ಲ. ಗುಡ್ಡ ಎಷ್ಟು ದೂರ, ಗೋಡೆ ಎಷ್ಟು ಎತ್ತರ, ದಾರಿ ಎಲ್ಲಿ ತಿರುಗುತ್ತದೆ ಅಂತ ಕ್ಯಾಮರಾ ಇಲ್ಲದ ಕಾಲದಲ್ಲಿ ಮೇಲಧಿಕಾರಿಗೆ ತಿಳಿಸಬೇಕಲ್ಲ, ಅದಕ್ಕೆ.

ರಾಬರ್ಟ್ ಹೋಮ್ ಸ್ವಲ್ಪ ಬೇರೆ. ಅವನು ಸೈನಿಕ ಅಲ್ಲ, ನಿಜವಾದ ಕಸುಬುದಾರ ಚಿತ್ರಕಾರ. ಆದರೆ ಅವನೂ ಬಂದದ್ದು ಅದೇ ದಂಡಿನ ಜೊತೆಯಲ್ಲೇ. 1794ರಲ್ಲಿ ಬಂದ ಅವನ ಮೈಸೂರು ಚಿತ್ರಗಳ ಪುಸ್ತಕದಲ್ಲಿ ಬೆಂಗಳೂರು, ಸಾವನದುರ್ಗ, ಶ್ರೀರಂಗಪಟ್ಟಣ ಎಲ್ಲ ಉಂಟು. ಗೆದ್ದವರ ದೇಶದಲ್ಲಿ, ಗೆದ್ದ ಕತೆ ಓದುವ ಸೋಫಾದ ಮೇಲೆ, ಚಿತ್ರ ನೋಡಲಿಕ್ಕೆ ದುಡ್ಡು ಕೊಟ್ಟು ಕೊಂಡವರಿಗಾಗಿ ಮಾಡಿದ ಪುಸ್ತಕ.

ಇಲ್ಲಿ ನನ್ನ ಕಾಟಿಪಳ್ಳದ ವಿಷಯಕ್ಕೆ ಬರ್ತೇನೆ. ಸುರತ್ಕಲ್ಲಿನ ಪೂರ್ವಕ್ಕೆ, ಹೆದ್ದಾರಿಯಿಂದ ಒಳಗೆ ಇರುವ ಊರು ನಮ್ಮದು. ಹೊರಗಿನವರು ಬಂದು ವಿಳಾಸ ಕೇಳಿದರೆ ಎರಡನೇ ಬ್ಲಾಕ್, ಮೂರನೇ ಬ್ಲಾಕ್ ಅಂತ ಹೇಳುತ್ತೇವೆ. ಪಕ್ಕದ ಕೃಷ್ಣಾಪುರದಲ್ಲೂ ಹಾಗೇ, ಏಳನೇ ಬ್ಲಾಕ್. ತುಳುನಾಡಿನಲ್ಲಿ ಒಂದೊಂದು ಗದ್ದೆಗೂ, ಒಂದೊಂದು ಮನೆಗೂ, ಒಂದು ಬಂಡೆಗೂ ಹೆಸರು ಇರುವಾಗ ನಮಗೆ ಮಾತ್ರ ಯಾಕೆ ನಂಬರ್? ಯಾಕೆಂದರೆ ಇದು ಬೆಳೆದ ಊರಲ್ಲ, ಹಂಚಿದ ಊರು. ಪಣಂಬೂರಿನಲ್ಲಿ ಹೊಸ ಬಂದರು ಮಾಡುವಾಗ ಅಲ್ಲಿಂದ ಎಬ್ಬಿಸಿದ ಜನರಿಗೆ ಸೈಟು ಮಾಡಿ ಕೊಟ್ಟ ಜಾಗ. ನೆಲವನ್ನೇ ತೋಡಿ ಕಡಲನ್ನು ಒಳಗೆ ತಂದು ಮಾಡಿದ ಬಂದರು ಅದು. 1974ರ ಮೇ 4ರಂದು ದೇಶದ ಒಂಬತ್ತನೇ ದೊಡ್ಡ ಬಂದರು ಅಂತ ಘೋಷಣೆ ಆಯಿತು. ಮರುವರ್ಷ ಜನವರಿಯಲ್ಲಿ ಇಂದಿರಾ ಗಾಂಧಿ ಬಂದು ಉದ್ಘಾಟನೆ ಮಾಡಿದರು. ಇವತ್ತು ಹಡಗು ನಿಲ್ಲುವ ಜಾಗದಲ್ಲಿ ನಮ್ಮ ಅಜ್ಜ ಅಜ್ಜಿಯರು ಭತ್ತ ಬಿತ್ತಿದ್ದಾರೆ. ಬಂದರು ಬೇಡವಾಗಿತ್ತು ಅಂತ ನಾನು ಹೇಳ್ತಾ ಇಲ್ಲ. ಊರಿನ ಎಷ್ಟೋ ಮನೆಗಳಿಗೆ ಆ ಬಂದರಿನಿಂದಲೇ ಅನ್ನ ಉಂಟು. ನನ್ನ ತಕರಾರು ಬೇರೆ.

ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿ ಮಡಿಸಿ ಮಡಿಸಿ ಗೆರೆ ಹರಿದ ಒಂದು ಕಾಗದ ಉಂಟು. ಸರ್ವೆ ನಂಬರ್, ಹಿಸ್ಸಾ, ಎಕರೆ, ಸೆಂಟ್ಸ್. ಕೆಳಗೆ ತೆಂಗಿನ ಮರ ಇಷ್ಟು, ಹಲಸು ಇಷ್ಟು, ಬಾವಿ ಒಂದು, ಮನೆ ಒಂದು. ಜೊತೆಗೆ ಪೆನ್ಸಿಲಿನ ಒಂದು ಸ್ಕೆಚ್ಚು, ಚತುಷ್ಕೋನದ ಹಾಗೆ, ನಾಲ್ಕು ಮೂಲೆಗೆ ನಾಲ್ಕು ಗಡಿಕಲ್ಲು. ನಮ್ಮ ಹಳೇ ಮನೆಯ ಚಿತ್ರ ಅಂತ ಲೋಕದಲ್ಲಿ ಇರುವುದು ಅದೊಂದೇ. ಕ್ಯಾಮರಾ ಇದ್ದವರು ಆಗ ಎಷ್ಟು ಜನ? ಮದುವೆಗೆ ಫೋಟೋದವನು ಬಂದರೆ ಮದುಮಕ್ಕಳನ್ನು ತೆಗೆಯುತ್ತಾನೆ, ಅಂಗಳ ತೆಗೆಯುವುದಿಲ್ಲ. ಊರಿಗೆ ಊರೇ ಹೋಯಿತು, ಹೋಗುವ ಮೊದಲು ಅದನ್ನು ಕೊನೆಯದಾಗಿ ಗಮನಿಟ್ಟು ನೋಡಿದವನು ಪರಿಹಾರಕ್ಕೆ ಮರ ಎಣಿಸಲು ಬಂದ ಮನುಷ್ಯ. ಅವನ ಕೆಲಸ ಅವನು ಮಾಡಿದ, ಸರಿಯಾಗಿಯೇ ಮಾಡಿದ. ಬೊಕಾರೊ ಕೂಡ ಸರಿಯಾಗಿಯೇ ಮಾಡಿದ.

ಒಮ್ಮೆ ಊರಿಗೆ ಹೋಗಿದ್ದಾಗ 1635ರ ಆ ಚಿತ್ರವನ್ನು ಫೋನಿನಲ್ಲಿ ದೊಡ್ಡದು ಮಾಡಿ ಅಜ್ಜಿಗೆ ತೋರಿಸಿದೆ. 'ನಾನೂರು ವರ್ಷದ ಹಿಂದಿನ ಮಂಗಳೂರು ಅಜ್ಜಿ' ಅಂದೆ. ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

'ಬಾವಿ ಎಲ್ಲಿ ಉಂಟು ಮಗಾ?' ಅಂತ ಕೇಳಿದರು.

'ಬಾವಿ ಕಾಣುವುದಿಲ್ಲ ಅಜ್ಜಿ, ಇದು ಕೋಟೆ.'

'ಕೋಟೆಯವರು ನೀರು ಕುಡಿಯುವುದಿಲ್ವಾ?'

ನನಗೆ ಗೊತ್ತಿರುವ ಮಟ್ಟಿಗೆ ಲಿವ್ರೊ ದಾಸ್ ಪ್ಲಾಂತಾಸ್ ಮೇಲೆ ಇದಕ್ಕಿಂತ ಒಳ್ಳೆ ವಿಮರ್ಶೆ ಯಾರೂ ಮಾಡಿಲ್ಲ.

ಇದೇ ಜಗಳವನ್ನು ನಾನು ಆಫೀಸಿನಲ್ಲೂ ಆಡಿದ್ದುಂಟು. ಹಿಂದೆ ಕೆಲಸ ಮಾಡುತ್ತಿದ್ದ ಒಂದು ಕಂಪನಿ, ಹೆಸರು ಬೇಡ. ರಿಸೆಪ್ಶನ್ನಿನ ಹಿಂದಿನ ಗೋಡೆ ಪೂರ್ತಿ ಇಂಥದ್ದೇ ಒಂದು ಹಳೇ ಪಟ್ಟಣದ ಚಿತ್ರ. ಸುತ್ತಲೂ ದಂಡು ಬೀಡುಬಿಟ್ಟಿದೆ, ನೋಡಿದ ಕೂಡಲೇ ಮುತ್ತಿಗೆ ಅಂತ ಗೊತ್ತಾಗುತ್ತದೆ. ಕೆಳಗೆ ಕಂಪನಿಯ ಘೋಷವಾಕ್ಯ, ಎಲ್ಲರನ್ನೂ ಒಳಗೊಳ್ಳುವ ಬಗ್ಗೆ. ನಾನು ಅಡ್ಮಿನ್ ವಿಭಾಗಕ್ಕೆ ಒಂದು ಮೇಲ್ ಹಾಕಿದೆ: ಚಿತ್ರ ತೆಗೆಯಬೇಡಿ, ಪಕ್ಕದಲ್ಲಿ ಎರಡು ಸಾಲಿನ ವಿವರಣೆ ಹಾಕುವ, ಬರೆದು ಕೊಡ್ತೇನೆ. ಮೂರು ವಾರ ಕಾದ ಮೇಲೆ ಉತ್ತರ ಬಂತು. ವಿವರಣೆ ಹಾಕಿದರೆ ಬರುವವರಿಗೆ ನೆಗೆಟಿವ್ ವೈಬ್ ಕೊಡುತ್ತದಂತೆ. ಇಂಟೀರಿಯರ್ ಮಾಡಿದವರು 'ಹೆರಿಟೇಜ್ ಫೀಲ್' ಬರಲಿ ಅಂತ ಹಾಕಿದ್ದಂತೆ. ಆ ಫೀಲು ಯಾರ ಹೆರಿಟೇಜಿನದ್ದು ಅಂತ ಮರು ಮೇಲ್ ಹಾಕಿದ್ದಕ್ಕೆ ಇವತ್ತಿನವರೆಗೂ ಉತ್ತರ ಇಲ್ಲ. ನಾನು ಕೆಲಸ ಬಿಟ್ಟೇ ಎಷ್ಟೋ ವರ್ಷ ಆಯಿತು.

ಗೆಳೆಯರು ಹೇಳುವುದುಂಟು: ಅಲ್ಲ ಮಾರಾಯ, ನಿನಗೆ ಎಲ್ಲದರಲ್ಲೂ ಕಲ್ಲು ಹುಡುಕುವ ಬುದ್ಧಿ. ಚಂದ ಉಂಟು, ಹಾಕಿದ್ದಾರೆ, ಮುಗಿಯಿತು. ಅವರಿಗೆ ನನ್ನ ಉತ್ತರ ಏನೆಂದರೆ, ಚಂದ ಅನ್ನುವುದು ನಮಗೆ ಪುಕ್ಕಟೆ ಸಿಕ್ಕಿಲ್ಲ. ನಿಮ್ಮ ಮನೆಗೆ ಬಂದ ಕಳ್ಳನೊಬ್ಬ ಕಿಟಕಿ ಎಲ್ಲಿ, ನಾಯಿ ಎಲ್ಲಿ, ತಿಜೋರಿ ಎಲ್ಲಿ ಅಂತ ತುಂಬ ಚಂದದ ನಕ್ಷೆ ಬಿಡಿಸಿದ್ದ ಅಂತಿಟ್ಟುಕೊಳ್ಳಿ. ನೀವದನ್ನು ಹಾಲ್‌ನಲ್ಲಿ ತೂಗುಹಾಕಬಹುದು, ಬೇಡ ಅನ್ನುವುದಿಲ್ಲ. ಆದರೆ ಬಂದ ನೆಂಟರು 'ನಿಮ್ಮ ಮನೆಯ ಚಿತ್ರವಾ, ಎಷ್ಟು ಪ್ರೀತಿಯಿಂದ ಬಿಡಿಸಿದ್ದಾರೆ' ಅಂದಾಗ ನೀವು ಹೌದು ಅಂತ ತಲೆಯಾಡಿಸಬಾರದು.

ಓದಿಕೊಂಡವರ ಆಕ್ಷೇಪ ಇನ್ನೊಂದು. ಈ ಚಿತ್ರಗಳು ಇಲ್ಲದಿದ್ದರೆ ನಮ್ಮ ಊರುಗಳ ಇತಿಹಾಸಕ್ಕೆ ಆಧಾರವೇ ಇರುತ್ತಿರಲಿಲ್ಲ, ಪರಕೀಯರು ಬರೆದಿಟ್ಟದ್ದಕ್ಕೆ ಕೃತಜ್ಞರಾಗಿರಬೇಕು ಅಂತ. ಆಧಾರ ಅನ್ನುವುದನ್ನು ಪೂರ್ತಿ ಒಪ್ಪುತ್ತೇನೆ. ಅದಕ್ಕೇ ಹೇಳುವುದು, ಆಧಾರವನ್ನು ಆಧಾರದ ಹಾಗೆ ನಡೆಸಿಕೊಳ್ಳಿ, ವಾಲ್‌ಪೇಪರಿನ ಹಾಗೆ ಅಲ್ಲ. ದಾಖಲೆಯ ಚಿತ್ರ ಇಟ್ಟುಕೊಂಡು ಅದರ ಮಾತು ಕತ್ತರಿಸಿದವರು ಪೋರ್ಚುಗೀಸರಲ್ಲ, ನಾವು. ಕೃತಜ್ಞತೆಯ ವಿಷಯಕ್ಕೆ ಬಂದರೆ, ಶ್ರೀರಂಗಪಟ್ಟಣದ ದರಿಯಾ ದೌಲತ್ ಬಾಗಿನ ಗೋಡೆ ನೋಡಿ ಬನ್ನಿ. 1780ರ ಪೊಳ್ಳಿಲೂರಿನ ಯುದ್ಧದಲ್ಲಿ ಇಂಗ್ಲಿಷರು ಸೋತ ಚಿತ್ರ ಅಲ್ಲಿ ಗೋಡೆ ತುಂಬ ಉಂಟು. ಕುದುರೆ, ಆನೆ, ಪಲ್ಲಕ್ಕಿಯಲ್ಲಿ ಉಗುರು ಕಚ್ಚುತ್ತಾ ಕೂತ ಕರ್ನಲ್ ಬೇಲಿ. ನಮ್ಮವರಿಗೂ ಬಿಡಿಸಲಿಕ್ಕೆ ಬರುತ್ತಿತ್ತು, ಬಿಡಿಸುತ್ತಲೂ ಇದ್ದರು. ಅದೂ ರಾಜ ಹೇಳಿ ಬಿಡಿಸಿದ್ದೇ, ಅಲ್ಲಿಯೂ ಬಾವಿ ಸಿಗುವುದಿಲ್ಲ ಅನ್ನುವುದು ಬೇರೆ ಮಾತು. ಬಿಳಿಯರ ಚಿತ್ರ ಕೆಟ್ಟದು, ನಮ್ಮವರದ್ದು ಒಳ್ಳೆಯದು ಅನ್ನುವ ಸುಲಭದ ವಾದಕ್ಕೆ ನನ್ನನ್ನು ಎಳೆಯಬೇಡಿ. ಯಾರು ದುಡ್ಡು ಕೊಟ್ಟು ಬರೆಸಿದರು, ಅವರಿಗೆ ಏನು ಕಾಣಬೇಕಿತ್ತು ಅಂತ ಮಾತ್ರ ಕೇಳ್ತಾ ಇದ್ದೇನೆ.

ಮಂಗಳೂರಿನ ಮಟ್ಟಿಗೆ ಬೇರೆ ಬಗೆಯ ಚಿತ್ರಗಳೂ ಇಲ್ಲದೆ ಇಲ್ಲ. 1834ರಲ್ಲಿ ಇಲ್ಲಿ ಕೆಲಸ ಶುರು ಮಾಡಿದ ಬಾಸೆಲ್ ಮಿಶನ್ನಿನವರು ತೆಗೆದ ಹಳೇ ಫೋಟೋಗಳು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಜೋಪಾನವಾಗಿ ಉಂಟು, ಈಗ ಆನ್‌ಲೈನಿನಲ್ಲೂ ನೋಡಬಹುದು. ಹಂಚಿನ ಕಾರ್ಖಾನೆ, ನೇಯ್ಗೆಯವರು, ಶಾಲೆಯ ಮಕ್ಕಳು, ಬೀದಿ. ಅವರಿಗೂ ಅವರದ್ದೇ ಉದ್ದೇಶ ಇತ್ತು, ಊರಲ್ಲಿ ಚಂದಾ ಕೊಡುವವರಿಗೆ ತಮ್ಮ ಕೆಲಸ ತೋರಿಸಬೇಕಿತ್ತು. ಆದರೂ ಅಲ್ಲಿ ಮನುಷ್ಯರ ಮುಖ ಉಂಟು. ನಮ್ಮ ಲಾಬಿಗಳಲ್ಲಿ ಇವನ್ನು ನೋಡಿದ್ದು ನೆನಪಿಲ್ಲ. ಹಂಚಿನ ಕಾರ್ಖಾನೆಯಲ್ಲ್ಲಿ ಮಣ್ಣು ಹೊರುವವರ ಫೋಟೋ ಹೆರಿಟೇಜ್ ಫೀಲ್ ಕೊಡುವುದಿಲ್ಲವೇನೋ.

ಸರಿ, ಏನು ಮಾಡಬೇಕು ಅಂತೀಯ ಅಂತ ಕೇಳಿದರೆ ಎರಡು ಮಾತು. ಇಂಥ ಚಿತ್ರ ನಿಮ್ಮ ಮನೆಯಲ್ಲೋ ಆಫೀಸಿನಲ್ಲೋ ಇದ್ದರೆ ಅದರ ಕೆಳಗೆ ಒಂದು ಚೀಟಿ ಅಂಟಿಸಿ. ಮಂಗಳೂರಿನದ್ದಕ್ಕೆ ನಾನೇ ಬರೆದು ಕೊಡ್ತೇನೆ, ತಗೊಳ್ಳಿ: 'ಮಂಗಳೂರು ಕೋಟೆ, 1635. ಚಿತ್ರ ವೈಸ್‌ರಾಯಿಯ ಕಾರ್ಯದರ್ಶಿ ರೆಸೆಂದೆಯದ್ದು ಎನ್ನುತ್ತಾರೆ. ವಿವರಣೆ ಬೊಕಾರೊನದ್ದು. ತನ್ನ ಕೋಟೆಗಳ ಬಲ ಮತ್ತು ಆದಾಯ ತಿಳಿಯಲಿಕ್ಕೆ ರಾಜ ಬರೆಸಿದ್ದು. ಇದರಲ್ಲಿ ಕಾಣದವರು: ಊರಿನವರು.' ನಾಲ್ಕೈದು ಸಾಲು. ಫ್ರೇಮಿನವನ ಹತ್ತಿರ ಹೇಳಿದರೆ ಅವನೇ ಪ್ರಿಂಟ್ ಹಾಕಿ ಕೊಡುತ್ತಾನೆ.

ಎರಡನೆಯದಕ್ಕೆ ಅವಸರ ಉಂಟು. ಹಳೇ ಪಣಂಬೂರನ್ನು ಕಣ್ಣಾರೆ ಕಂಡವರು, ಒಕ್ಕಲೆಬ್ಬಿಸುವ ಹೊತ್ತಿಗೆ ಇಪ್ಪತ್ತರ ಹರೆಯದಲ್ಲಿದ್ದವರು, ಈಗ ಎಪ್ಪತ್ತು ದಾಟಿದ್ದಾರೆ. ಪ್ರತಿ ಸಲ ಊರಿಗೆ ಹೋದಾಗ ಒಬ್ಬರು ಕಮ್ಮಿ ಇರುತ್ತಾರೆ. ರೆಸೆಂದೆಯ ಚಿತ್ರ ಎವೊರದಲ್ಲಿ ಇನ್ನೂ ನಾನೂರು ವರ್ಷ ಇರುತ್ತದೆ, ಅದರ ಚಿಂತೆ ನಮಗೆ ಬೇಡ. ಇವರ ತಲೆಯಲ್ಲಿರುವ ಚಿತ್ರಕ್ಕೆ ಗ್ರಂಥಾಲಯ ಇಲ್ಲ.

ಆದ್ದರಿಂದ ಕಳೆದ ಮಳೆಗಾಲದಿಂದ ನಾವು ನಾಲ್ಕೈದು ಜನ ಸೇರಿ ಒಂದು ಕೆಲಸಕ್ಕೆ ಕೈ ಹಾಕಿದ್ದೇವೆ. ದೊಡ್ಡ ಡ್ರಾಯಿಂಗ್ ಶೀಟುಗಳನ್ನು ಅಂಟಿಸಿ ಚಾಪೆಯಷ್ಟು ಅಗಲ ಮಾಡಿ, ನಮ್ಮ ಜಗಲಿಯಲ್ಲಿ ಹಾಸಿ, ಹಿರಿಯರನ್ನು ಸುತ್ತ ಕೂರಿಸುವುದು. ಕಡಲು ಯಾವ ಕಡೆ ಅಂತ ಮೊದಲು ಗೆರೆ ಹಾಕುವುದು. ಆಮೇಲೆ ದೋಣಿ ಎಳೆಯುತ್ತಿದ್ದ ಜಾಗ, ಮೀನು ಒಣಗಿಸುತ್ತಿದ್ದ ಹೊಯಿಗೆ, ಭೂತದ ಸ್ಥಾನ, ಮಸೀದಿಗೆ ಹೋಗುವ ದಾರಿ, ಕಟ್ಟಪುಣಿ, ಅಂಗಡಿ. ಯಾರ ಮನೆಯ ಹಿಂದೆ ಯಾರ ಮನೆ. ಯಾವ ಬಾವಿಯ ನೀರು ಬೇಸಗೆಯಲ್ಲಿ ಉಪ್ಪಾಗುತ್ತಿತ್ತು, ಯಾವುದು ಆಗುತ್ತಿರಲಿಲ್ಲ. ಅಳತೆ ಸರಿ ಇರುವುದಿಲ್ಲ, ಇರಬೇಕಾಗಿಯೂ ಇಲ್ಲ. ಅಜ್ಜಿ ಗುರುತಿಸಿದ ಹಲಸಿನ ಮರ ಶೀಟಿನಲ್ಲಿ ದೇವಸ್ಥಾನಕ್ಕಿಂತ ದೊಡ್ಡದಾಗಿದೆ, ಹಾಗೇ ಬಿಟ್ಟಿದ್ದೇವೆ.

ಚೆನ್ನಾಗಿ ಚಿತ್ರ ಬಿಡಿಸಲಿಕ್ಕೆ ಬರುವ ಒಬ್ಬರು ನಮಗೆ ಬೇಕು. ಸಂಬಳ ಇಲ್ಲ, ಊಟ ಉಂಟು, ಭಾನುವಾರವಾದರೆ ಮೀನು ಗ್ಯಾರಂಟಿ. ಬರುವಾಗ ಪೆನ್ಸಿಲ್ ತನ್ನಿ, ರಬ್ಬರ್ ಎರಡು ಹೆಚ್ಚೇ ತನ್ನಿ. ಅಂಗಡಿ ದಾಟಿದ ಮೇಲೆ ದಾರಿ ಎಡಕ್ಕೆ ತಿರುಗುತ್ತಿತ್ತೋ ಬಲಕ್ಕೋ ಅನ್ನುವ ವಿಷಯದಲ್ಲಿ ಅಜ್ಜಿಗೂ ಪಕ್ಕದ ಮನೆಯ ಕಾಕನಿಗೂ ಎರಡು ವಾರದಿಂದ ಮಾತು ನಿಂತಿದೆ.